ನಾಳೆ ಬನ್ನಿ ಎಂದವರ ಬಳಿಗೆ ಮತ್ತೆ ಹೋಗುವುದು

ಲೂಕನ ಸುವಾರ್ತೆಯ 18ನೇ ಅಧ್ಯಾಯ ಒಂದು ಸಾಮ್ಯದಿಂದ, ಅಂದರೆ ಯೇಸು ಹೇಳಿದ ಒಂದು ದೃಷ್ಟಾಂತ ಕಥೆಯಿಂದ, ಆರಂಭವಾಗುತ್ತದೆ. ಒಂದು ಊರಿನಲ್ಲಿ ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷ್ಯ ಮಾಡದ ಒಬ್ಬ ನ್ಯಾಯಾಧಿಪತಿ. ಅದೇ ಊರಿನ ಒಬ್ಬ ವಿಧವೆ ಅವನ ಬಳಿಗೆ ಹೋಗಿ, ನನ್ನ ಎದುರಾಳಿಯಿಂದ ನನಗೆ ನ್ಯಾಯ ಕೊಡಿಸು ಎಂದು ಕೇಳುತ್ತಲೇ ಇರುತ್ತಾಳೆ. ಬಹುಕಾಲ ಅವನು ಕಿವಿಗೊಡುವುದಿಲ್ಲ. ಕೊನೆಗೆ, ಇವಳು ಬಂದು ಬಂದು ನನ್ನನ್ನು ದಣಿಸಿಬಿಡುತ್ತಾಳೆ ಎಂದು ನ್ಯಾಯ ತೀರಿಸುತ್ತಾನೆ. ಬೇಸರಗೊಳ್ಳದೆ ಯಾವಾಗಲೂ ಪ್ರಾರ್ಥನೆ ಮಾಡುತ್ತಿರಬೇಕು ಎಂಬುದಕ್ಕಾಗಿ ಯೇಸು ಇದನ್ನು ಹೇಳಿದನೆಂದು ಲೂಕನು ಮೊದಲ ವಚನದಲ್ಲೇ ತಿಳಿಸಿಬಿಡುತ್ತಾನೆ. ಮತ್ತಾಯ, ಮಾರ್ಕ, ಯೋಹಾನ ಈ ಮೂವರಲ್ಲೂ ಈ ಸಾಮ್ಯ ಇಲ್ಲ.

ಈ ಭಾಗದ ಮೇಲೆ ನಾನು ಕೇಳಿರುವ ಪ್ರಸಂಗಗಳು ಬಹಳ. ಎಲ್ಲವೂ ಬೇಗನೆ ಆ ಹೆಂಗಸನ್ನು ದಾಟಿ ನಮ್ಮ ಪ್ರಾರ್ಥನೆಯ ವಿಷಯಕ್ಕೆ ಬರುತ್ತವೆ. ಅವಳು ಎಷ್ಟು ದೂರದಿಂದ ನಡೆದು ಬರುತ್ತಿದ್ದಳು, ಅವಳ ಕೈಯಲ್ಲಿ ಯಾವ ಆಧಾರವಿತ್ತು, ಬಾಗಿಲಲ್ಲಿ ಅವಳನ್ನು ಯಾರು ತಡೆಯುತ್ತಿದ್ದರು ಎಂದು ಯಾರೂ ನಿಂತು ಯೋಚಿಸುವುದಿಲ್ಲ. ನನಗೆ ಮೊದಲು ಹೊಳೆಯುವುದೇ ಅದು. ಏಕೆಂದರೆ ನನ್ನ ಜೀವನ ನಡೆಯುತ್ತಿರುವುದು ಅರ್ಜಿ ಬರೆಯುವುದರಿಂದ.

ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯ ಎದುರು ನನ್ನ ಮಳಿಗೆ ಇದೆ. ಒಂದು ಮೇಜು, ಒಂದು ಕಂಪ್ಯೂಟರ್, ಪ್ರಿಂಟರ್, ಜೆರಾಕ್ಸ್ ಯಂತ್ರ, ಗೋಡೆಗೆ ಒಂದು ಬೆಂಚು. ಕನ್ನಡ ಟೈಪಿಂಗ್‌ನಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ ಮೊದಲು ಟೈಪ್‌ರೈಟರ್ ಮುಂದೆ ಕುಳಿತವಳು, ಈಗ ನುಡಿ ತಂತ್ರಾಂಶದಲ್ಲಿ ಬರೆಯುತ್ತೇನೆ. ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಿಧವಾ ವೇತನ, ವಂಶವೃಕ್ಷ, ಆಧಾರ್ ತಿದ್ದುಪಡಿ, ಪೋಡಿ (ಜಮೀನು ಅಳೆಸಿ ಪಾಲು ಬೇರೆ ಮಾಡಿಸುವುದು), ಜಾತಿ ಪ್ರಮಾಣ ಪತ್ರ. ನಮ್ಮ ಕಡೆ ಎಷ್ಟೋ ಮನೆಗಳ ಒಳಗಿನ ಮಾತು ತೆಲುಗು, ಕಚೇರಿಯ ಮಾತು ಕನ್ನಡ. ಬೆಂಚಿನ ಮೇಲೆ ಕುಳಿತವರು ಗಂಡ ಸತ್ತ ದಿನದಿಂದ ಹಿಡಿದು ಮೈದುನ ಬೇಲಿ ಸರಿಸಿದ ದಿನದವರೆಗೆ ತೆಲುಗಿನಲ್ಲಿ ಹೇಳುತ್ತಾರೆ, ನಡುವೆ ಅಳುತ್ತಾರೆ, ಹಿಂದಕ್ಕೆ ಹೋಗಿ ಬಿಟ್ಟದ್ದನ್ನು ಸೇರಿಸುತ್ತಾರೆ. ಅಷ್ಟನ್ನೂ ನಾನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಬೇಕು. ‘ಇವರಿಗೆ’ ಎಂದು ಆರಂಭಿಸಿ, ‘ವಿಷಯ’ದ ಕೆಳಗೆ ಒಂದು ಗೆರೆ ಎಳೆದು, ‘ಲಗತ್ತುಗಳು’ ಎಂದು ಮುಗಿಸಬೇಕು.

ಏನು ಬೇಡಿಕೊಳ್ಳಬೇಕೋ ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ನಮಗೋಸ್ಕರ ನರಳುತ್ತ ದೇವರನ್ನು ಬೇಡಿಕೊಳ್ಳುತ್ತಾನೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಈ ಕೆಲಸಕ್ಕೆ ಬಂದ ಮೇಲೆ ಆ ವಚನ ನನಗೆ ತುಂಬ ಹತ್ತಿರವಾಯಿತು. ನಮ್ಮ ಅಳುವನ್ನು ಅರ್ಥಮಾಡಿಕೊಂಡು, ಅದನ್ನು ಮುಟ್ಟಬೇಕಾದ ಕಡೆಗೆ ಮುಟ್ಟಿಸುವವನೊಬ್ಬನು ನಮ್ಮ ಪಕ್ಕದಲ್ಲೇ ಕುಳಿತಿದ್ದಾನೆ ಎಂಬುದು ಎಂತಹ ಸಮಾಧಾನ!

ಈಗ ನಾನು ಹೇಳಬೇಕೆಂದಿರುವ ಹೆಂಗಸಿನ ಬಗ್ಗೆ. ಆಕೆ ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ವಯಸ್ಸು ಅರವತ್ತು ದಾಟಿದೆ. ಗಂಡನ ಹೆಸರಿನಲ್ಲಿದ್ದ ಜಮೀನು ತನ್ನ ಹೆಸರಿಗೆ ಬರಬೇಕು, ತಿಂಗಳಿಗೆ 800 ರೂಪಾಯಿಯ ವಿಧವಾ ವೇತನವೂ ಬರಬೇಕು ಎಂದು ಬಂದವರು. ಪಹಣಿಯಲ್ಲಿ ಗಂಡನ ಹೆಸರಿನ ಮುಂದೆ ‘ಮುನಿ’ ಎಂದಿದೆ, ಆಧಾರ್‌ನಲ್ಲಿ ಇಲ್ಲ. ಕೋಲಾರದ ಕಡೆಯವರಿಗೆ ಇದು ಹೊಸದಲ್ಲ. ಮನೆದೇವರ ಹೆಸರೆಂದು ಹುಟ್ಟಿದಾಗ ಸೇರಿಸಿರುತ್ತಾರೆ, ಮುಂದೆ ಶಾಲೆಯಲ್ಲೋ ಪಡಿತರ ಚೀಟಿಯಲ್ಲೋ ಅದು ಬಿದ್ದುಹೋಗಿರುತ್ತದೆ. ಬದುಕಿದ್ದಾಗ ಯಾರೂ ಕೇಳದ ಆ ಎರಡು ಅಕ್ಷರ ಸತ್ತ ಮೇಲೆ ದೊಡ್ಡ ಗೋಡೆಯಾಗುತ್ತದೆ. ಎರಡೂ ಹೆಸರಿನವರು ಒಬ್ಬರೇ ಎಂದು ಪ್ರಮಾಣ ಪತ್ರ ಮಾಡಿಸಿ ಲಗತ್ತಿಸಿದೆವು. ಅಷ್ಟರಲ್ಲಿ ಮೈದುನನ ತಕರಾರು ಬಂತು. ಮೇಲೆ ವರ್ಗಾವಣೆಗಳು: ಕಡತ ಓದಿಕೊಂಡಿದ್ದ ಅಧಿಕಾರಿ ಹೋದರು, ಹೊಸಬರು ಬಂದರು, ಕಡತ ಸಿಗುತ್ತಿಲ್ಲ ಎಂದರು. ಪ್ರತಿ ಸಲವೂ ಕೊನೆಗೆ ಒಂದೇ ಮಾತು: ನಾಳೆ ಬನ್ನಿ.

ಆಕೆ ಬರುತ್ತಾರೆ. ಅದನ್ನೇ ನಾನು ಹತ್ತಿರದಿಂದ ನೋಡಿರುವುದು. ಬೆಳಗಿನ ಮೊದಲ ಬಸ್ಸಿಗೆ ಇಳಿದು, ಸೆರಗಿನ ಗಂಟಿನಲ್ಲಿ ದುಡ್ಡು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಕಾಗದಗಳು ಅವರದೇ ಕ್ರಮದಲ್ಲಿ: ಮರಣ ಪ್ರಮಾಣ ಪತ್ರ ಎಲ್ಲಕ್ಕೂ ಒಳಗೆ, ಬಟ್ಟೆಯ ತುಂಡಿನಲ್ಲಿ ಸುತ್ತಿ. ಅಕ್ಷರ ಬಾರದಿದ್ದರೂ ಯಾವುದು ಯಾವ ಕಾಗದ ಎಂದು ಮೊಹರಿನ ಬಣ್ಣದ ಮೇಲೆ ಹೇಳುತ್ತಾರೆ. ಹೆಬ್ಬೆಟ್ಟು ಒತ್ತುವ ಮೊದಲು ಬೆರಳನ್ನು ತಲೆಕೂದಲಿಗೆ ಒಂದು ಸಲ ಉಜ್ಜುತ್ತಾರೆ. ಕಳೆ ಕಿತ್ತು, ಪಾತ್ರೆ ತಿಕ್ಕಿ, ರಾಗಿ ಕೊಯ್ದು ಗೆರೆಗಳು ಸವೆದುಹೋಗಿವೆ. ಬೆರಳಚ್ಚು ಯಂತ್ರ ಅವರನ್ನು ಗುರುತಿಸುವುದಿಲ್ಲ. ಒಂದು ಬೆರಳು ಆಗಲಿಲ್ಲವೆಂದರೆ ಮತ್ತೊಂದು ಇಡುತ್ತಾರೆ, ಆಮೇಲೆ ಎಡಗೈ. ಯಂತ್ರದ ಮುಂದೆ ಕುಳಿತ ಹುಡುಗ ಬೇಸರದಿಂದ ಉಸಿರು ಬಿಟ್ಟರೂ ಆಕೆ ಬಿಡುವುದಿಲ್ಲ. ‘ಇರಪ್ಪ, ಇನ್ನೊಂದು ಸಲ’ ಎನ್ನುತ್ತಾರೆ. ಆ ಧ್ವನಿಯಲ್ಲಿ ಸಿಟ್ಟೂ ಇಲ್ಲ, ಅಂಗಲಾಚುವಿಕೆಯೂ ಇಲ್ಲ.

ನಾನು ಒಮ್ಮೆ ಕೇಳಿದೆ: ‘ಅಮ್ಮಾ, ಇಷ್ಟು ಸಲ ಓಡಾಡಿದ್ದೀರಿ, ಸಾಕು ಅನ್ನಿಸುವುದಿಲ್ಲವೇ?’ ಆಕೆ ನನ್ನನ್ನು ಆಶ್ಚರ್ಯದಿಂದ ನೋಡಿದರು. ‘ಜಮೀನು ನಮ್ಮದು ತಾನೇ, ತಾಯಿ?’ ಎಂದರು.

ಆ ಉತ್ತರವನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ಲೂಕನ ವಿಧವೆಯೂ ಹೀಗೆಯೇ ಇದ್ದಿರಬೇಕು. ಅವಳು ದಯೆ ಕೇಳಲಿಲ್ಲ, ನ್ಯಾಯ ಕೇಳಿದಳು. ತನ್ನದು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ವಿಧವೆಯನ್ನೂ ಅನಾಥನನ್ನೂ ಬಾಧಿಸಬಾರದು ಎಂದು ವಿಮೋಚನಕಾಂಡದ 22ನೇ ಅಧ್ಯಾಯ ಹೇಳಿದೆ, ವಿಧವೆಯ ಬಟ್ಟೆಯನ್ನು ಒತ್ತೆ ಇಟ್ಟುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳಿದೆ. ನ್ಯಾಯಾಧಿಪತಿಗೆ ದೇವರ ಭಯ ಇಲ್ಲದಿದ್ದರೇನು, ಧರ್ಮಶಾಸ್ತ್ರ ಅವಳ ಪಕ್ಷದಲ್ಲಿತ್ತು. ಅದು ಅವಳನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ.

ನಮ್ಮ ಸಭೆಗಳಲ್ಲಿ ನನ್ನನ್ನು ನೋಯಿಸುವ ಒಂದು ಅಭ್ಯಾಸವಿದೆ. ಒಬ್ಬ ತಂಗಿ ತನ್ನ ಕಷ್ಟವನ್ನು ಪ್ರಾರ್ಥನಾ ಕೂಟದಲ್ಲಿ ಹೇಳಿಕೊಳ್ಳುತ್ತಾಳೆ. ಎರಡು ಮೂರು ವಾರ ಅದಕ್ಕಾಗಿ ಪ್ರಾರ್ಥಿಸುತ್ತೇವೆ. ಉತ್ತರ ಬರಲಿಲ್ಲವೆಂದರೆ ಯಾರಾದರೂ ಹಿರಿಯರು, ‘ದೇವರ ಚಿತ್ತ ಇಲ್ಲದಿರಬಹುದಮ್ಮ, ಒಪ್ಪಿಕೊ’ ಎನ್ನುತ್ತಾರೆ. ದೇವರ ಚಿತ್ತಕ್ಕೆ ತಲೆಬಾಗುವುದನ್ನು ನಾನು ಹಗುರವಾಗಿ ಕಾಣುವವಳಲ್ಲ. ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ತಲೆಬಾಗಿದನು. ಆದರೆ ಅದಕ್ಕೆ ಮೊದಲು ಅದೇ ಮಾತುಗಳಿಂದ ಮೂರು ಸಲ ಬೇಡಿಕೊಂಡನೆಂದು ಮತ್ತಾಯನು ಬರೆದಿದ್ದಾನೆ. ಯಾರದೋ ಸೋಮಾರಿತನವನ್ನು, ಯಾರದೋ ದುರಾಸೆಯನ್ನು ನಾವು ಇಷ್ಟು ಬೇಗ ದೇವರ ಹೆಸರಿಗೆ ಬರೆದುಬಿಡುತ್ತೇವಲ್ಲ, ಅದು ದೇವರಿಗೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ. ಮೈದುನನು ಬೇಲಿ ಸರಿಸಿದ್ದು ದೇವರ ಚಿತ್ತವಲ್ಲ. ಗಂಡ ಕುಡಿದು ಹೊಡೆಯುವುದು ದೇವರ ಚಿತ್ತವಲ್ಲ. ಅಂಥವುಗಳ ಮುಂದೆ ಸಾಕು ಎನ್ನದಿರುವುದೇ ವಿಶ್ವಾಸದ ಕೆಲಸ.

ಬೈಬಲಿನ ಅರಣ್ಯಕಾಂಡದ 27ನೇ ಅಧ್ಯಾಯವನ್ನು ಭಾನುವಾರದ ಆರಾಧನೆಯಲ್ಲಿ ಓದಿದ್ದು ನನಗೆ ನೆನಪಿಲ್ಲ. ಮಳಿಗೆಯಲ್ಲಿ ನಾನದನ್ನು ಎಷ್ಟೋ ಸಲ ಓದಿದ್ದೇನೆ. ಮನಸ್ಸೆಯ ಕುಲದ ಚಲ್ಪಹಾದನೆಂಬವನು ಅರಣ್ಯದಲ್ಲಿ ಸತ್ತ. ಅವನಿಗೆ ಗಂಡುಮಕ್ಕಳಿರಲಿಲ್ಲ, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳಿದ್ದರು. ಆ ಐವರೂ ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆ, ಯಾಜಕ ಎಲ್ಲಾಜಾರ, ಕುಲಾಧಿಪತಿಗಳು, ಇಡೀ ಸಮೂಹ ನೋಡುತ್ತಿರುವಾಗ ನಿಂತು, ಗಂಡುಮಗನಿಲ್ಲವೆಂದು ನಮ್ಮ ತಂದೆಯ ಹೆಸರು ಅಳಿದುಹೋಗಬೇಕೇ, ನಮಗೂ ಭೂಮಿ ಕೊಡಿ ಎಂದು ಕೇಳಿದರು. ಮೋಶೆ ದೇವರನ್ನು ವಿಚಾರಿಸಿದ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಎಂದು ದೇವರೇ ಹೇಳಿದನು.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಅರ್ಜಿ ಬರೆಯುವವಳಾದ ನನಗೆ ಮುಂದಿನದು ಮುಖ್ಯ. ಅದೇ ಅರಣ್ಯಕಾಂಡದ 36ನೇ ಅಧ್ಯಾಯದಲ್ಲಿ ಕುಲದ ಹಿರಿಯರು ತಮ್ಮ ಆಕ್ಷೇಪ ತರುತ್ತಾರೆ, ಒಂದು ಷರತ್ತು ಸೇರಿಕೊಳ್ಳುತ್ತದೆ. ಮೋಶೆ ಸಾಯುತ್ತಾನೆ, ಅವನ ಜಾಗಕ್ಕೆ ಯೆಹೋಶುವ ಬರುತ್ತಾನೆ. ಜನರು ಯೊರ್ದನ್ ಹೊಳೆ ದಾಟುತ್ತಾರೆ, ಯುದ್ಧಗಳಾಗುತ್ತವೆ. ಕೊನೆಗೆ ಭೂಮಿ ಹಂಚುವಾಗ, ಯೆಹೋಶುವನ ಗ್ರಂಥದ 17ನೇ ಅಧ್ಯಾಯದಲ್ಲಿ, ಆ ಐವರು ಮತ್ತೆ ಬಂದು ನಿಲ್ಲುತ್ತಾರೆ. ನಮಗೆ ಪಾಲು ಕೊಡಬೇಕೆಂದು ಯೆಹೋವನು ಮೋಶೆಗೆ ಅಪ್ಪಣೆ ಮಾಡಿದ್ದಾನೆ ಎಂದು ನೆನಪಿಸುತ್ತಾರೆ. ದೇವರ ಬಾಯಿಂದಲೇ ಆದೇಶವಾಗಿದ್ದರೂ ಅದು ತಾನಾಗಿ ಭೂಮಿಗೆ ಇಳಿಯಲಿಲ್ಲ. ಹೊಸ ಅಧಿಕಾರಿಯ ಮುಂದೆ ಹಳೆಯ ಆದೇಶವನ್ನು ಹಿಡಿದು ಮತ್ತೆ ನಿಲ್ಲಬೇಕಾಯಿತು. ನಿಂತದ್ದಕ್ಕೆ ಸಿಕ್ಕಿತು. ದೇವರ ವಾಗ್ದಾನ ಇದೆ ಎಂದ ಮೇಲೆ ಕೇಳುವುದೇಕೆ ಎಂದು ಕೆಲವರು ಹೇಳುತ್ತಾರೆ. ವಾಗ್ದಾನ ಇದೆ ಎಂಬ ಕಾರಣಕ್ಕೇ ಆ ಅಕ್ಕತಂಗಿಯರು ಕೇಳಿದರು.

ಎರಡನೆಯ ಅರಸುಗಳ ಗ್ರಂಥದ 8ನೇ ಅಧ್ಯಾಯದ ಶೂನೇಮ್ ಊರಿನ ಹೆಂಗಸಿನದೂ ಇಂಥದೇ ಸಂಗತಿ. ಬರದಿಂದಾಗಿ ಏಳು ವರ್ಷ ಫಿಲಿಷ್ಟಿಯರ ನಾಡಿನಲ್ಲಿದ್ದು ಹಿಂದಿರುಗಿದವಳು, ತನ್ನ ಮನೆ ಹೊಲಗಳಿಗಾಗಿ ಅರಸನ ಬಳಿ ಮೊರೆಯಿಟ್ಟಳು. ಹೊಲದ ಜೊತೆಗೆ, ಅವಳು ಊರು ಬಿಟ್ಟ ದಿನದಿಂದ ಬಂದ ಫಸಲನ್ನೂ ಕೊಡಿಸಬೇಕೆಂದು ಅರಸನು ಒಬ್ಬ ಅಧಿಕಾರಿಯನ್ನೇ ನೇಮಿಸಿದನು. ಬರ ಬಂದಾಗ ಊರು ಬಿಟ್ಟು ಬೆಂಗಳೂರಿಗೆ ಹೋಗಿ, ತಿರುಗಿ ಬಂದಾಗ ಹೊಲದ ಬದು ಇದ್ದಲ್ಲಿ ಇಲ್ಲ ಎಂದು ನನ್ನ ಬೆಂಚಿನ ಮೇಲೆ ಕುಳಿತು ಹೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ. ಯಾವ ಧರ್ಮದವರಾದರೂ ಕೇಳುತ್ತಾರೆ.

ಬರ ಎಂದೊಡನೆ ನಮ್ಮ ಕೋಲಾರದ ಸಭೆಯ ಮೂಲವೂ ನೆನಪಾಗುತ್ತದೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಹಳ್ಳಿಗಳು ಬರಿದಾದವು. ತಂದೆತಾಯಿ ಕಳೆದುಕೊಂಡ ಮಕ್ಕಳಿಗಾಗಿ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥಾಲಯ ನಡೆಸಿದರು. 1890ರಲ್ಲಿ ಅದು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಕೈಗೆ ಬಂತು. ನನ್ನ ಅಜ್ಜಿಯ ಕಡೆಯವರು ಆ ಮಕ್ಕಳಲ್ಲಿ ಒಬ್ಬರ ಸಂತತಿ ಎಂದು ಮನೆಯಲ್ಲಿ ಹೇಳುತ್ತಾರೆ. ಕ್ಷಾಮ ಮುಗಿದ ಮೇಲೆ ಸುದ್ದಿ ತಣ್ಣಗಾಯಿತು, ಮಕ್ಕಳ ಹಸಿವು ತಣ್ಣಗಾಗಲಿಲ್ಲ. ದಿನವೂ ಬೇಯಿಸಬೇಕು, ಬಟ್ಟೆ ಒಗೆಯಬೇಕು, ಜ್ವರ ಬಂದವರ ಪಕ್ಕ ಕೂರಬೇಕು, ಮರುದಿನ ಮತ್ತೆ ಅದೇ. ಆ ಮರುದಿನಗಳಿಂದ ನಾನು ಹುಟ್ಟಿದ್ದೇನೆ ಎಂದು ನೆನೆದಾಗ ಎದೆ ತುಂಬಿ ಬರುತ್ತದೆ.

ನನ್ನ ಸ್ವಂತ ಬೇಡಿಕೆಯೂ ಒಂದಿದೆ. ನನ್ನ ತಮ್ಮ ಮನೆ ಬಿಟ್ಟು ಹೋಗಿದ್ದಾನೆ. ಎಲ್ಲಿದ್ದಾನೆಂದು ಗೊತ್ತು, ಫೋನ್ ಮಾಡಿದರೆ ಎತ್ತುವುದಿಲ್ಲ. ಅಮ್ಮ ಅವನ ಹೆಸರು ಹೇಳುತ್ತಲೇ ತೀರಿಕೊಂಡರು. ಮುಂಜಾನೆ ಒಲೆ ಹಚ್ಚುವ ಮೊದಲು ಪ್ರಾರ್ಥನೆಯ ಪುಸ್ತಕ ತೆರೆದರೆ ಮೊದಲ ಹೆಸರು ಅವನದು. ಕೆಲವು ದಿನ ಕಣ್ಣೀರಿನಿಂದ ಪ್ರಾರ್ಥಿಸುತ್ತೇನೆ, ಹೆಚ್ಚಿನ ದಿನಗಳಲ್ಲಿ ಕಣ್ಣೀರೂ ಇಲ್ಲ, ಮಾತೂ ಇಲ್ಲ, ಹೆಸರೊಂದೇ. ಅದೂ ಪ್ರಾರ್ಥನೆಯೇ ಎಂದು ನನಗೆ ಕಲಿಸಿದ್ದು ಅರ್ಜಿಯ ಕೆಲಸ. ಎರಡನೆಯ ಸಲ, ಮೂರನೆಯ ಸಲ ಕೊಡುವ ಅರ್ಜಿಯಲ್ಲಿ ಹೊಸ ಮಾತೇನೂ ಇರುವುದಿಲ್ಲ. ‘ಈ ಹಿಂದೆ ಸಲ್ಲಿಸಿದ ಮನವಿಯನ್ನು ಮತ್ತೊಮ್ಮೆ ತಮ್ಮ ಗಮನಕ್ಕೆ ತರುತ್ತಿದ್ದೇನೆ’ ಎಂದಷ್ಟೇ ಬರೆಯುತ್ತೇವೆ. ದಾವೀದನು 13ನೇ ಕೀರ್ತನೆಯಲ್ಲಿ ‘ಎಷ್ಟರವರೆಗೆ’ ಎಂದು ಬಿಡದೆ ಕೇಳಿದ್ದಾನೆ. ದೇವರು ಅದನ್ನು ಗ್ರಂಥದಿಂದ ತೆಗೆಸಿಹಾಕಲಿಲ್ಲ.

ತಮ್ಮನಿಗೆ ತಿಂಗಳಿಗೊಂದು ಅಂಚೆ ಕಾರ್ಡು ಬರೆಯುತ್ತೇನೆ. ಯಾರ ಮದುವೆಯಾಯಿತು, ಮಾವಿನ ಮರ ಹೂ ಬಿಟ್ಟಿತೇ, ಇಷ್ಟೇ. ಬುದ್ಧಿಮಾತು ಬರೆಯುವುದಿಲ್ಲ. ಪ್ರಾರ್ಥನೆ ಮಾಡಿ ಕಾರ್ಡು ಬರೆಯದಿದ್ದರೆ ಆ ಪ್ರಾರ್ಥನೆ ಬೆಂಚಿನ ಮೇಲೆಯೇ ಉಳಿದ ಅರ್ಜಿ. ಬರೆದದ್ದನ್ನು ಎದ್ದು ಹೋಗಿ ಕೊಡಬೇಕು.

ಮೆಥೋಡಿಸ್ಟರಾದ ನಮಗೆ, ನಮ್ಮ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯವರ ಕೊನೆಯ ಪತ್ರದ ನೆನಪು ಇರಲೇಬೇಕು. 1791ರ ಫೆಬ್ರವರಿ 24ರಂದು, ಸಾಯುವುದಕ್ಕೆ ಆರು ದಿನ ಮೊದಲು, ಅವರು ಬ್ರಿಟಿಷ್ ಸಂಸತ್ತಿನ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದು, ಗುಲಾಮರ ವ್ಯಾಪಾರದ ವಿರುದ್ಧದ ಹೋರಾಟವನ್ನು ದೇವರ ಹೆಸರಿನಲ್ಲಿ ಮುಂದುವರಿಸಿ ಎಂದರು. ಅದೇ ವರ್ಷ ಸಂಸತ್ತಿನಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಪ್ರಸ್ತಾಪ ಬಿದ್ದುಹೋಯಿತು. ಮರುವರ್ಷ, 1792ರಲ್ಲಿ, ಊರೂರುಗಳಿಂದ 519 ಮನವಿಗಳು ಸಂಸತ್ತಿಗೆ ಬಂದವು. ಸಹಿ ಹಾಕಿದವರು ಸಾಮಾನ್ಯ ಜನ. ವ್ಯಾಪಾರ ನಿಷೇಧವಾದದ್ದು 1807ರಲ್ಲಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಮಾಡುವ ಕಾಯ್ದೆ 1833ರಲ್ಲಿ ಬಂತು. 519 ಮನವಿಗಳನ್ನು ಕೈಯಿಂದ ಬರೆದವರು ಯಾರಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಅವರ ಹೆಸರು ಯಾವ ಚರಿತ್ರೆಯಲ್ಲೂ ಇರಲಿಕ್ಕಿಲ್ಲ. ಅವರು ನನ್ನ ಕಸುಬಿನವರು.

ಆ ಅಮ್ಮನಿಗೆ ವಿಧವಾ ವೇತನ ಮಂಜೂರಾಯಿತು. ಆದೇಶದ ಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, ಯಾವ ಮೊಹರು ಎಲ್ಲಿದೆ ಎಂದು ತೋರಿಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. ಪೌತಿ ಖಾತೆ ಇನ್ನೂ ಆಗಿಲ್ಲ. ತಕರಾರಿನಲ್ಲಿ ಅವರಿಗೆ ವಿರುದ್ಧವಾಗಿ ಆದೇಶ ಬಂದಿರುವುದರಿಂದ ಈಗ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹೋಗಬೇಕು. ಅದಕ್ಕೆ ವಕೀಲರು ಬೇಕು, ದುಡ್ಡಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡುವ ಅರ್ಜಿಯನ್ನು ನಿನ್ನೆ ಬರೆದುಕೊಟ್ಟೆ. ನಮ್ಮ ಮಹಿಳಾ ಕೂಟದ ಇಬ್ಬರು ಅಕ್ಕಂದಿರು ಆಕೆಯ ಜೊತೆ ಹೋಗಲು ಒಪ್ಪಿದ್ದಾರೆ. ಈ ಬುಧವಾರದ ಕೂಟದಲ್ಲಿ ಪ್ರಾರ್ಥನೆ ಮುಗಿಸಿ ಬಸ್ಸಿನ ಸಮಯವನ್ನೂ ಗೊತ್ತುಮಾಡಿಕೊಂಡೆವು.

ಇದನ್ನು ಓದುವ ಸಭೆಯ ಸಹೋದರಿಯರಲ್ಲಿ ಒಂದು ಕೋರಿಕೆ. ನಿಮ್ಮ ಸಭೆಯಲ್ಲಿ ಗಂಡನನ್ನು ಕಳೆದುಕೊಂಡವರಿದ್ದರೆ, ಭಾನುವಾರ ಆರಾಧನೆಯ ನಂತರ ಅವರ ಪಕ್ಕ ಕುಳಿತು ಕಾಗದಗಳನ್ನು ಒಮ್ಮೆ ನೋಡಿ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ, ಪಡಿತರ ಚೀಟಿ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ. ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಮುಖ್ಯವಾಗಿ ಮೊದಲಕ್ಷರವನ್ನೂ ಊರಿನ ಹೆಸರನ್ನೂ. ಅರ್ಜಿಯನ್ನು ಎರಡು ಪ್ರತಿ ತೆಗೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಿಟಕಿಯಿಂದ ಕದಲಬೇಡಿ. ‘ಮೊಹರು ಬೇಕಿಲ್ಲ, ಹೋಗಿ’ ಎಂದರೆ, ಬೇಕು ಎಂದು ಸಮಾಧಾನವಾಗಿ ಹೇಳಿ ಅಲ್ಲಿಯೇ ನಿಲ್ಲಿ. ಅದು ಇದ್ದರೆ ಮುಂದಿನ ಸಲ ಹೋದಾಗ ಮಾತು ಮೊದಲಿನಿಂದ ಆರಂಭವಾಗುವುದಿಲ್ಲ.